ಕೂಸಿನ ಓಲೆಯ ತಿರುಪು

ಬೋಲ್ಟು ಬಿಗಿ ಮಾಡುವುದು ಆಗ ನನ್ನ ಕೆಲಸ. ಬಿಡದಿಯ ಸುತ್ತ ಒಂದರ ಹಿಂದೊಂದು ಕಾರ್ಖಾನೆ ಏಳುತ್ತಿದ್ದ ಕಾಲ. ನಮ್ಮೂರು ಬೈರಮಂಗಲದ ಪಕ್ಕದ್ದು. ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನಿಂತರೆ ಹೊಸ ಶೆಡ್ಡುಗಳ ನೀಲಿ ತಗಡು ಕಾಣುತ್ತಿತ್ತು. ಗಾಡಿಯ ಬಿಡಿಭಾಗ ಜೋಡಿಸುವ ಅಂಥದೊಂದು ಶೆಡ್ಡಿಗೆ ನಾನೂ ಸೇರಿಕೊಂಡಿದ್ದೆ. ಎದುರಿಗೆ ಒಂದು ಭಾಗ ಬಂದು ನಿಲ್ಲುತ್ತದೆ. ನಾಲ್ಕು ಬೋಲ್ಟು ಕೂರಿಸಬೇಕು, ಬಿಗಿ ಮಾಡಬೇಕು, ಒಮ್ಮೆ ಎಳೆದು ನೋಡಿ ಬೋಲ್ಟಿನ ತಲೆಯ ಮೇಲೆ ಹಳದಿ ಬಣ್ಣದ ಚುಕ್ಕೆ ಇಡಬೇಕು. ಚುಕ್ಕೆ ಇಟ್ಟರೆ, ಇದು ಬಿಚ್ಚಿಕೊಳ್ಳುವುದಿಲ್ಲ, ಬಿಚ್ಚಿಕೊಂಡರೆ ನಾನು ಹೊಣೆ ಎಂದು ಲೆಕ್ಕ.

ಮನೆಗೆ ಬಂದರೂ ಕೈ ಸುಮ್ಮನಿರುತ್ತಿರಲಿಲ್ಲ. ಬಾಗಿಲ ಚಿಲಕ, ಪಂಪಿನ ನಟ್ಟು, ಅಜ್ಜಿಯ ಕನ್ನಡಕದ ಕಾಲು, ಸಡಿಲವಾಗಿದ್ದದ್ದು ಯಾವುದು ಕಂಡರೂ ತಿರುವಿಬಿಡುತ್ತಿದ್ದೆ. ಅಜ್ಜಿ ಹಾದಿಬೀದಿಯವರಿಗೆಲ್ಲ ಹೇಳುತ್ತಿದ್ದಳು: "ಇವನ ಕೈ ಬಿದ್ದದ್ನ ಇನ್ನೊಬ್ರು ಬಿಚ್ಚಕ್ಕಾಗಲ್ಲ ಕಣವ್ವ. ಉಪ್ಪಿನ್ಕಾಯಿ ಜಾಡಿ ಮುಚ್ಚಿ ಮಡಗವ್ನೆ, ನನ್ ತಿಥಿ ದಿನ ತೆಗೀತಾನೋ ಏನೋ!"

ಅದನ್ನು ನಾನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದೆ.

ಅಕ್ಕನನ್ನು ಚನ್ನಪಟ್ಟಣದಾಚೆ ವಿರೂಪಾಕ್ಷಿಪುರದ ಕಡೆಗೆ ಕೊಟ್ಟಿತ್ತು. ಅವಳ ಮೊದಲ ಮಗಳಿಗೆ ಹನ್ನೊಂದು ತಿಂಗಳಾದಾಗ ಕಿವಿ ಚುಚ್ಚಿಸಲು ನಮ್ಮ ಮನೆಗೆ ಕರೆತಂದರು. ನಮ್ಮಲ್ಲಿ ಕೂಸಿನ ಕಿವಿ ಚುಚ್ಚುವುದು ಸೋದರಮಾವನ ತೊಡೆಯ ಮೇಲೆ. ಮೊದಲ ಓಲೆಯೂ ಮಾವನ ಮನೆಯದೇ ಆಗಬೇಕು. ಅಪ್ಪ ಇರಲಿಲ್ಲವಾದ್ದರಿಂದ ಆ ದಿನ ಮನೆಯ ಗಂಡಸು ನಾನೇ. ಹೊಸ ಪಂಚೆ ಉಟ್ಟು ಮಣೆಯ ಮೇಲೆ ಕುಳಿತೆ. ಕೂಸನ್ನು ತೊಡೆಯ ಮೇಲೆ ಕೂರಿಸಿದರು. ಅದು ನನ್ನ ಅಂಗಿಯ ಗುಂಡಿ ಹಿಡಿದು ಜಗ್ಗುತ್ತ "ಮಾ, ಮಾ" ಎನ್ನುತ್ತಿತ್ತು.

ಚುಚ್ಚಲು ಬಂದವರು ಬಿಡದಿಯ ಬಜಾರಿನಲ್ಲಿ ಅಂಗಡಿ ಇಟ್ಟಿದ್ದ ವಯಸ್ಸಾದ ಆಚಾರಿ. ನನ್ನ ಅವ್ವನ ಕಿವಿಯನ್ನೂ ಅಕ್ಕನ ಕಿವಿಯನ್ನೂ ಚುಚ್ಚಿದ ಕೈ ಅದು. ಕಿವಿಯ ಹಾಲೆಗೆ ಕುಂಕುಮದ ಚುಕ್ಕೆ ಇಟ್ಟು, ಎರಡೂ ಕಡೆ ಸಮ ಇದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಿ, ಚಿನ್ನದ ಸಣ್ಣ ತಂತಿಯ ಚೂಪು ತುದಿಯಿಂದ ಚುಚ್ಚಿದರು. ಕೂಸು ಉಸಿರು ಕಟ್ಟಿ ಅತ್ತಿತು. ಆಚಾರಿ ತಂತಿಯನ್ನು ಉಂಗುರದಂತೆ ಬಾಗಿಸಿ ತುದಿ ಸುತ್ತಿ, "ಮೂರು ತಿಂಗ್ಳು ಈ ತಂತೀನೇ ಇರ್ಲಿ. ಗಾಯ ಮಾಗ್ಲಿ. ಓಲೆ ಆಮೇಲೆ" ಎಂದರು.

ಗಾಯ ಮಾಗುವವರೆಗೆಂದು ಅಕ್ಕ, ಕೂಸು ನಮ್ಮಲ್ಲೇ ಉಳಿದರು. ಆದರೆ ಮೂರು ತಿಂಗಳು ಕಾಯಲಿಲ್ಲ. ಒಂದು ತಿಂಗಳು ಕಳೆಯುವಷ್ಟರಲ್ಲಿ ಭಾವನ ತಂಗಿಯ ಮದುವೆ ಗೊತ್ತಾಯಿತು. "ಮದ್ವೆ ಮನೇಲಿ ನನ್ ಮಗ್ಳು ತಂತಿ ಇಕ್ಕಂಡು ಓಡಾಡ್ಬೇಕಾ? ಮಾವ ಅನ್ನಿಸ್ಕೊಂಡೋನು ಇದ್ದೂ ಇಲ್ದಂಗಾ?" ಎಂದು ಅಕ್ಕ ನನ್ನ ಮುಖ ನೋಡಿದಳು. ನಾನು ಆಚಾರಿಯನ್ನು ಕರೆತಂದೆ. ಅವರು ಗೊಣಗುತ್ತಲೇ ತಂತಿ ಬಿಚ್ಚಿ, ಕೆಂಪು ಹರಳಿನ ಓಲೆ ಇಟ್ಟು, ಹಿಂದೆ ತಿರುಪು ಹಾಕಿದರು. ಹೊರಡುವಾಗ ಬಾಗಿಲಲ್ಲಿ ನಿಂತು, "ಒಸಿ ಸಡ್ಲ ಬುಟ್ಟಿವ್ನಿ. ಗಾಳಿ ಆಡ್ಬೇಕು. ಓಲೆ ಹಿಂದೆ ಮುಂದೆ ಆಡ್ತಾ ಇರ್ಬೇಕು. ಯಾರೂ ಕೈ ಹಾಕ್ಬೇಡಿ" ಎಂದರು.

ಕೇಳಿದ್ದೆ. ಚೆನ್ನಾಗಿಯೇ ಕೇಳಿದ್ದೆ.

ಆಮೇಲೆ ಮೂರನೆಯ ದಿನವೋ ನಾಲ್ಕನೆಯ ದಿನವೋ, ಚಾಪೆಯ ಮೇಲೆ ಆಡುತ್ತಿದ್ದ ಕೂಸು ಏನನ್ನೋ ಬಾಯಲ್ಲಿ ಹೊರಳಿಸುತ್ತಿತ್ತು. ಅಜ್ಜಿಗೆ ಕಣ್ಣು ಮಂದವಾದರೂ ಕೂಸಿನ ಬಾಯಿಯ ವಿಷಯದಲ್ಲಿ ಹದ್ದಿನ ಕಣ್ಣು. ಬೆರಳು ಹಾಕಿ ತೆಗೆದಳು. ಜೊಲ್ಲಿನಲ್ಲಿ ಹೊಳೆಯುವ ತಿರುಪು! ಕಡಲೆಕಾಳಿಗಿಂತ ಚಿಕ್ಕದು. ಗಂಟಲಿಗೆ ಇಳಿದಿದ್ದರೆ ಏನು ಗತಿ! ಅಕ್ಕ ಅದನ್ನು ತೊಳೆದು ಮತ್ತೆ ಹಾಕಿದಳು. ದಿನಕ್ಕೆ ಹತ್ತು ಸಲ ಕಿವಿ ಮುಟ್ಟಿ ನೋಡತೊಡಗಿದಳು.

ಮಾರನೆಯ ದಿನ ನನಗೆ ಮೊದಲ ಶಿಫ್ಟು. ಮಧ್ಯಾಹ್ನ ಮೂರಕ್ಕೆ ಮನೆಗೆ ಬಂದಾಗ ಅವ್ವ, ಅಕ್ಕ ಹುಳದ ಮನೆಯಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದರು. ಅಜ್ಜಿ ಜಗಲಿಯಲ್ಲಿ ಒರಗಿದ್ದಳು. ಕೂಸು ತೊಟ್ಟಿಲಲ್ಲಿ ನಿದ್ದೆಯಲ್ಲಿತ್ತು. ಬಗ್ಗಿ ಕಿವಿ ನೋಡಿದೆ. ಓಲೆ ಆಡುತ್ತಿತ್ತು. ನನ್ನ ಚೀಲದಲ್ಲಿ ಮೂತಿ ಸಣ್ಣಗಿರುವ ಇಕ್ಕಳ, ನಮ್ಮ ಶೆಡ್ಡಿನವರ ಬಾಯಲ್ಲಿ ಪ್ಲೇಯರ್, ಇತ್ತು. ತೊಳೆದೆ ಎಂದು ಸುಳ್ಳು ಹೇಳುವುದಿಲ್ಲ. ಅಂಗಿಯ ತುದಿಯಲ್ಲಿ ಒರೆಸಿದೆ ಅಷ್ಟೆ. ಬಲಗಿವಿಯ ತಿರುಪನ್ನು ಹಿಡಿದು ಮೆಲ್ಲಗೆ ತಿರುವಿದೆ. ಇನ್ನು ತಿರುಗದು ಎನ್ನುವವರೆಗೆ ತಿರುವಿದೆ. ಎಡಕ್ಕೂ ಹಾಗೇ. ಕೊನೆಗೆ ಓಲೆಯನ್ನು ಹಿಡಿದು ಒಮ್ಮೆ ಎಳೆದೂ ನೋಡಿದೆ. ಕೂಸು ನಿದ್ದೆಯಲ್ಲೇ ತುಟಿ ಚಪ್ಪರಿಸಿ ಬಲಕ್ಕೆ ಮಗ್ಗುಲಾಯಿತು. ಹಳದಿ ಚುಕ್ಕೆ ಇಡುವುದೊಂದು ಬಾಕಿ.

ಯಾರಿಗೂ ಹೇಳಲಿಲ್ಲ. ಆಗ ಅದು ಮುಚ್ಚಿಡುವ ಸಂಗತಿಯೂ ಆಗಿರಲಿಲ್ಲ. ಚಿಲಕ ಬಿಗಿ ಮಾಡಿದ್ದನ್ನು ಯಾರಿಗಾದರೂ ಹೇಳುತ್ತೇವೆಯೇ?

ಎರಡು ದಿನಕ್ಕೆ ಕೂಸು ಹಟ ಹಿಡಿಯಿತು. ಬಲಗಡೆ ತಲೆಯಿಟ್ಟು ಮಲಗಲು ಒಲ್ಲದು. ಹಾಲೆ ಕೆಂಪಗೆ ಊದಿತ್ತು. ಅಜ್ಜಿ ಹರಳೆಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದಳು. ಸಂಜೆಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. "ಕೆಂಪು ಹರಳು ಕಣವ್ವ, ನೋಡಿದೋರ ಕಣ್ಣೆಲ್ಲ ಅಲ್ಲೇ. ಅದುಕ್ಕೇ ದೃಷ್ಟಿ." ಅವ್ವನ ಸಂಶಯ ನೀರಿನ ಮೇಲೆ. ಬೆಂಗಳೂರಿನ ಕೊಳಕೆಲ್ಲ ಹರಿದು ಬಂದು ನಮ್ಮ ಕೆರೆಯಲ್ಲಿ ನೊರೆ ಕಟ್ಟುತ್ತಿದ್ದ ವರ್ಷಗಳವು. ಬೋರಿನ ನೀರಿಗೂ ಒಂಥರಾ ವಾಸನೆ ಹತ್ತಿತ್ತು. "ಆ ನೀರಲ್ಲಿ ಕೂಸಿನ ತಲೆ ತೊಳುದ್ರೆ ಇನ್ನೇನಾದಾತು?" ಎಂದಳು ಅವ್ವ. ಅಕ್ಕ ಮಾತ್ರ ಒಂದೇ ಹೇಳುತ್ತಿದ್ದಳು: "ಆ ಆಚಾರಿ ಕೈಗೆ ವಯಸ್ಸಾಗೈತೆ. ಕೊಳಕು ಸಾಮಾನು ಇಕ್ಕವ್ನೆ ನನ್ ಮಗೀಗೆ."

ನಾನು ನೀರಿನ ಪಕ್ಷಕ್ಕೆ ಸೇರಿಕೊಂಡೆ. ನೀರಿಗೆ ಬೈದರೆ ಯಾರಿಗೂ ನೋವಿಲ್ಲ ನೋಡಿ. ಒಳಗೆ ಮಾತ್ರ ಒಂದು ಸಣ್ಣ ಮುಳ್ಳು ಆಡತೊಡಗಿತ್ತು. ಶೆಡ್ಡಿನಲ್ಲಿ ಬೋಲ್ಟು ತಿರುವುವಾಗ ಕೊನೆಯ ಸುತ್ತಿಗೆ ಕೈ ತಾನಾಗಿ ನಿಂತುಬಿಡುತ್ತಿತ್ತು. ಬಿಗಿ ಮಾಡಿದ ಕಬ್ಬಿಣ ಊದುವುದಿಲ್ಲ. ಕಿವಿ ಊದುತ್ತದೆ. ಊದಿದರೆ ಜಾಗ ಎಲ್ಲಿ?

ಸುದ್ದಿ ಕೇಳಿ ಭಾವ ಬೈಕಿನಲ್ಲಿ ಬಂದ. ಬಂದವನು ಕೂಸನ್ನು ನೋಡಿ, ನೀರೂ ಕುಡಿಯದೆ, "ಹತ್ಲಾ ಗಾಡಿ. ಆ ಆಚಾರಿ ಅಂಗ್ಡಿ ತೋರ್ಸು" ಎಂದ. ಹತ್ತಿದೆ. ಹಿಂದೆ ಕುಳಿತು ದಾರಿಯುದ್ದಕ್ಕೂ ಹೇಳಬೇಕು ಎಂದುಕೊಂಡೆ. ಗಾಳಿಗೆ ಅವನಿಗೆ ಕೇಳಿಸುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಬಜಾರಿನಲ್ಲಿ ನಾಲ್ಕು ಜನ ನಿಲ್ಲುವಂತೆ ಭಾವ ಕೂಗಾಡಿದ. ಆಚಾರಿ ಎದ್ದು ನಿಂತು, ಕನ್ನಡಕ ತೆಗೆದು, "ಐವತ್ತು ವರ್ಷದಿಂದ ಕಿವಿ ಚುಚ್ತಾ ಇವ್ನಿ ಸ್ವಾಮಿ. ನಾನು ಸಡ್ಲ ಬುಟ್ಟಿದ್ದೆ. ಕೂಸಿನ ಕಿವೀನಾದ್ರೂ ಒಸಿ ತೋರ್ಸಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವೂ ಇದ್ರಲ್ಲಪ್ಪ, ನೀವೇ ಹೇಳಿ. ಸಡ್ಲ ಬುಟ್ಟಿರ್ಲಿಲ್ವಾ?" ಎಂದರು.

"ಹೂಂ... ಸಡ್ಲ ಇತ್ತು" ಎಂದೆ.

"ನೀ ಸುಮ್ಕಿರ್ಲಾ! ನಿಂಗೇನ್ ಗೊತ್ತು?" ಎಂದ ಭಾವ.

ಅಷ್ಟು ಹೇಳಿದ್ದರಿಂದ ಸತ್ಯ ಹೇಳಿದ ಹಾಗಾಯಿತು ಎಂದು ಮನಸ್ಸಿಗೆ ಸಮಾಧಾನ ಮಾಡಿಕೊಂಡೆ. ಆಚಾರಿ ಮಾತ್ರ ಬೈಕು ತಿರುಗುವವರೆಗೆ ನನ್ನನ್ನೇ ನೋಡುತ್ತಿದ್ದರು.

ಮರುದಿನ ಬೆಳಗ್ಗೆ ಕೂಸಿಗೆ ಜ್ವರ ಬಂದಿತ್ತು. ಅವ್ವ ಕಿವಿಯ ಹತ್ತಿರ ಮೂಗು ತಂದು ಮೂಸಿದಳು. ನಮ್ಮ ಅವ್ವನ ಮೂಗು ಅಂಥಿಂಥದ್ದಲ್ಲ. ಹುಳಕ್ಕೆ ರೋಗ ಬಂದರೆ ಕಣ್ಣಿಗೆ ಕಾಣುವ ಮೊದಲೇ ಅವಳಿಗೆ ವಾಸನೆ ಸಿಗುತ್ತಿತ್ತು. ಹುಳದ ಒಂದು ತಟ್ಟೆಯಿಂದ ವಾಸನೆ ಬಂತೆಂದರೆ ಆ ಗಳಿಗೆಯೇ ಎತ್ತಿ ಹೊರಗೆ ಹಾಕುವವಳು. ಅಂಥವಳು ತಲೆಯೆತ್ತಿ, "ಕೊಳೀತಾ ಐತೆ ಕಣ್ರೋ. ಎಣ್ಣೆ ಅರಿಸ್ನ ಎಲ್ಲ ಅತ್ಲಾಗೆ ಮಡುಗಿ. ನಡೀರಿ ಆಸ್ಪತ್ರೆಗೆ" ಎಂದಳು.

ಅಷ್ಟರಲ್ಲಿ ಅಜ್ಜಿ ಕಿವಿಯ ಹಿಂದೆ ಬೆರಳಾಡಿಸಿ ಚೀರಿದಳು. "ತಿರುಪಿಲ್ವಲ್ಲೇ! ಬಿದ್ದೋಗೈತೆ! ಅವತ್ತಿನಂಗೆ ಕೂಸು ಬಾಯ್ಗೆ ಹಾಕ್ಕೊಂಡು ನುಂಗ್ಬುಟ್ಟೈತೆ!"

ಅಕ್ಕ ಎದೆ ಬಡಿದುಕೊಂಡಳು. ಭಾವ ಚಾಪೆ ಕೊಡವಿದ, ತೊಟ್ಟಿಲ ಬಟ್ಟೆ ಜಾಲಾಡಿದ. ನಾನೂ ಬಗ್ಗಿ ನೋಡಿದೆ. ಹಾಲೆಯ ಹಿಂಭಾಗದಲ್ಲಿ ತಿರುಪು ಇರಬೇಕಾದ ಕಡೆ ಊದಿದ ಮಾಂಸ, ನಡುವೆ ಹೊಕ್ಕುಳಿನಂಥ ಒಂದು ಗುಳಿ, ಅದರಲ್ಲಿ ಕೀವು. ತಿರುಪು ಎಲ್ಲಿದೆ ಎಂದು ಆ ಮನೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಅದು ಬೀಳುವಂತೆ ನಾನು ಬಿಟ್ಟಿರಲಿಲ್ಲ.

ಆಗಲೂ ಹೇಳಲಿಲ್ಲ. ಡಾಕ್ಟರು ನೋಡಿದರೆ ಗೊತ್ತಾಗುತ್ತದೆ, ತೆಗೆಯುತ್ತಾರೆ, ಎಲ್ಲ ಸರಿಹೋಗುತ್ತದೆ, ಆಮೇಲೆ ಹೇಳಿದರಾಯಿತು ಎಂದು ಲೆಕ್ಕ ಹಾಕಿದೆ.

ಬಿಡದಿಯ ಕ್ಲಿನಿಕ್ಕಿನಲ್ಲಿ, ಎಳೆಗೂಸು, ರಾಮನಗರಕ್ಕೇ ಹೋಗಿ ಎಂದರು. ಬಸ್ಸಿನ ತುಂಬ ರೇಷ್ಮೆಗೂಡಿನ ಚೀಲಗಳು. ಅಕ್ಕ ಕಿಟಕಿಯ ಪಕ್ಕ, ಕೂಸು ಅವಳ ಹೆಗಲ ಮೇಲೆ. ಅದು ಅಳುವುದನ್ನೂ ಬಿಟ್ಟಿತ್ತು. ಅಳದಿದ್ದದ್ದೇ ನನಗೆ ಹೆಚ್ಚು ಭಯವಾಯಿತು. ಕಣ್ಣು ಅರೆ ತೆರೆದು ನನ್ನನ್ನೇ ನೋಡುತ್ತಿತ್ತು. "ಒಸಿ ಹೊಟ್ಟೆ ಮುಟ್ಟಿ ನೋಡ್ಲಾ, ಗಟ್ಟಿಯಾಗೈತಾ?" ಎಂದಳು ಅಕ್ಕ. ಮುಟ್ಟಿ ನೋಡಿದೆ. ಮೈ ಬೆಂಕಿ. ಹೊಟ್ಟೆಯಲ್ಲಿ ಏನೂ ಇಲ್ಲವೆಂದು ಗೊತ್ತಿದ್ದೂ ಮುಟ್ಟಿದೆನಲ್ಲ, ಆ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ಕಿವಿಯ ಹಿಂದೆ, ಕುತ್ತಿಗೆಯಲ್ಲಿ ಒತ್ತಿ ನೋಡಿದರು. "ಇಲ್ಲಿ ಗಂಟು ಕಟ್ಟಿದೆ. ಎಷ್ಟು ದಿನದಿಂದ?" ಎಂದರು. ಅಕ್ಕ ಹೇಳುವುದರೊಳಗೆ ಭಾವ, "ಮೊದ್ಲು ಹೊಟ್ಟೆ ನೋಡಿ ಮೇಡಂ, ತಿರುಪು ನುಂಗ್ಬುಟ್ಟೈತೆ" ಎಂದ.

"ನುಂಗಿದ್ದು ನೋಡಿದಿರಾ?"

"ಬಿದ್ದೋಗೈತೆ ಮೇಡಂ, ಕಿವೀಲಿಲ್ಲ. ಮೊದ್ಲೂ ಒಂದ್ಸಲ ಹಿಂಗೇ ಆಗಿತ್ತು."

"ಸರಿ, ಎಕ್ಸರೇ ತೆಗೆಸೋಣ. ಅದಕ್ಕೂ ಮೊದಲು ಈ ಓಲೆ ಹೊರಗೆ ಬರಬೇಕು. ಹಿಂದೆ ಏನೂ ಇಲ್ಲ ಅಂದಮೇಲೆ ಮುಂದಕ್ಕೆ ಎಳೆದರೆ ಬರುತ್ತೆ. ಮಗೂನ ಗಟ್ಟಿಯಾಗಿ ಹಿಡ್ಕೊಳ್ಳಿ" ಎಂದು ಡಾಕ್ಟರಮ್ಮ ಚಿಮಟ ಎತ್ತಿಕೊಂಡರು.

ಚಿಮಟದ ತುದಿ ಕೆಂಪು ಹರಳನ್ನು ಹಿಡಿಯಿತು. ನಾನು ಎಳೆದು ನೋಡಿದ್ದು ನೆನಪಾಯಿತು. ಅಲ್ಲಾಡಿರಲಿಲ್ಲ. ಈಗ ಎಳೆದರೆ ಬರುವುದು ಓಲೆಯಲ್ಲ, ಕಿವಿ.

"ಎಳೀಬೇಡಿ!" ಎಂದೆ. ಎಷ್ಟು ಜೋರಾಗಿ ಎಂದರೆ ಹೊರಗಿನ ಸಾಲಿನವರು ಇಣುಕಿದರು. "ಎಳೀಬೇಡಿ ಮೇಡಂ. ತಿರುಪು ಒಳ್ಗೇ ಐತೆ. ಬಿದ್ದಿಲ್ಲ. ನಾನೇ ಪ್ಲೇಯರ್‌ನಲ್ಲಿ ಬಿಗಿ ಮಾಡಿದ್ದೆ."

ಡಾಕ್ಟರಮ್ಮ ಚಿಮಟ ಬಿಟ್ಟರು.

"ಎಷ್ಟು ಬಿಗಿ?"

"ಇನ್ನು ತಿರುಗ್ದೇ ಇರೋಗಂಟ."

"ಯಾವ ಕಡೆಗೆ?"

"ಬಲಕ್ಕೆ ಮೇಡಂ. ಎರಡು ಕಿವೀಗೂ."

ಸೂಪರ್‌ವೈಸರ್ ಮುಂದೆ ನಿಂತವನಂತೆ ಉತ್ತರ ಕೊಡುತ್ತಿದ್ದೆ. ಭಾವ ನನ್ನ ಮೇಲೆ ಕೈ ಮಾಡುತ್ತಾನೆ ಎಂದುಕೊಂಡಿದ್ದೆ. ಮಾಡಲಿಲ್ಲ. ಮೆಲ್ಲಗೆ, "ನನ್ ಗಾಡೀಲೇ ಕೂತ್ಕಂಡು ಬಂದ್ಯಲ್ಲೋ. ಆ ಮನ್ಸನ ಮುಂದೆ ನಿಂತಿದ್ಯಲ್ಲೋ" ಎಂದ. ಹೊಡೆದಿದ್ದರೆ ವಾಸಿಯಿತ್ತು.

ಡಾಕ್ಟರಮ್ಮ, ಹಿಂಭಾಗದಲ್ಲಿ ಸ್ವಲ್ಪ ಕೊಯ್ದು ತಿರುಪನ್ನು ಹಿಡಿದು ಬಿಚ್ಚಬೇಕು, ಮಗು ಅಲ್ಲಾಡಬಾರದು, ಯಾರು ಹಿಡಿದುಕೊಳ್ಳುತ್ತೀರಿ ಎಂದು ಕೇಳಿದರು. ಅಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. ಅವಳು ನನ್ನ ಮುಖ ನೋಡದೆಯೇ, "ಚುಚ್ಚಿದ್ದು ಅವನ್ ತೊಡೆ ಮೇಲೆ. ತೆಗೆಯದೂ ಅಲ್ಲೇ ಆಗ್ಲಿ" ಎಂದಳು.

ಕಬ್ಬಿಣದ ಸ್ಟೂಲಿನ ಮೇಲೆ ಕುಳಿತೆ. ಕೂಸಿನ ಎರಡು ಕೈಗಳನ್ನೂ ಬಟ್ಟೆಯಲ್ಲಿ ಸುತ್ತಿ ನನ್ನ ಎದೆಗೆ ಒರಗಿಸಿದರು. ತಲೆಯನ್ನು ನರ್ಸಮ್ಮ ಹಿಡಿದರು. ಮರಗಟ್ಟುವ ಸೂಜಿ ಇಳಿದಾಗ ಅದು ಚೀರಿದ್ದು ನನ್ನ ಪಕ್ಕೆಲುಬಿಗೆ ಕೇಳಿಸಿತು. "ಮಾ, ಮಾ" ಎನ್ನುತ್ತಿತ್ತು. ಯಾರಿಂದ ಬಿಡಿಸು ಎಂದು ಯಾರನ್ನು ಕೇಳುತ್ತಿದೆ! ಡಾಕ್ಟರಮ್ಮ ಕೊಯ್ದರು, ಕೀವು ಒರೆಸಿದರು, ಹಿಂದೆ ತಿರುಪನ್ನು ಒಂದು ಇಕ್ಕಳದಿಂದ, ಮುಂದೆ ಓಲೆಯನ್ನು ಇನ್ನೊಂದರಿಂದ ಹಿಡಿದರು. ತಿರುಗಲಿಲ್ಲ. "ಏನಪ್ಪಾ ಇದು!" ಎಂದರು. ಮತ್ತೆ ಹಿಡಿದರು. ನಾನು, ಬಿಚ್ಚಿಕೋ, ಬಿಚ್ಚಿಕೋ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ನನ್ನ ಕೈ ಬಿದ್ದದ್ದು ಬಿಚ್ಚಲಿ ಎಂದು ಜೀವಮಾನದಲ್ಲಿ ಮೊದಲ ಸಲ ಬೇಡಿದ್ದು. ಮೂರನೆಯ ಸಲಕ್ಕೆ ಕಾಲು ಸುತ್ತು ತಿರುಗಿತು. ಆಮೇಲೆ ಅರ್ಧ. ಆಮೇಲೆ ಸ್ಟೀಲಿನ ತಟ್ಟೆಯಲ್ಲಿ ಟಣ್ ಎಂದಿತು.

ಎಡಗಿವಿಯದೂ ಅಷ್ಟೇ ಹಟ ಮಾಡಿತು. ಅಲ್ಲೂ ಕೆಂಪು ಶುರುವಾಗಿತ್ತು.

ಅದರಿಂದ ಮುಗಿಯಲಿಲ್ಲ. "ಎರಡು ದಿನ ಇಲ್ಲೇ ಇರಬೇಕು. ಇಂಜೆಕ್ಷನ್ ಕೊಡ್ತೀವಿ. ಜ್ವರ ಇಳೀಲಿಲ್ಲ ಅಂದ್ರೆ ಬೆಂಗಳೂರಿಗೆ ಕಳಿಸಬೇಕಾಗುತ್ತೆ" ಎಂದರು ಡಾಕ್ಟರಮ್ಮ. ಸೋಂಕು ಮೇಲಕ್ಕೇರಿ ಕಿವಿಯ ಮೆತ್ತನೆ ಎಲುಬಿಗೆ ಹತ್ತಿದರೆ ಕಿವಿಯೇ ಮುದುಡಿಹೋಗಬಹುದು ಎಂದೂ ಹೇಳಿದರು. ಆ ಎರಡು ದಿನ ನಾನು ವಾರ್ಡಿನ ಬಾಗಿಲ ಬಳಿಯ ಬೆಂಚಿನಲ್ಲಿದ್ದೆ. ಅಕ್ಕ ಒಂದು ಮಾತೂ ಆಡಲಿಲ್ಲ. ಊಟ ತಂದರೆ ಭಾವನ ಕೈಲಿ ಒಳಗೆ ತರಿಸಿಕೊಳ್ಳುತ್ತಿದ್ದಳು. ನರ್ಸಮ್ಮ ಜ್ವರ ನೋಡಲು ಬಂದಾಗಲೆಲ್ಲ ನಾನು ಎದ್ದು ನಿಲ್ಲುತ್ತಿದ್ದೆ. ಅವರು ತಲೆಯಾಡಿಸಿದರೆ ಮತ್ತೆ ಕೂರುತ್ತಿದ್ದೆ. ಎದುರಿನ ಗೋಡೆಯಲ್ಲಿ ಫ್ಯಾನಿನ ಸ್ವಿಚ್ಚಿನ ಸ್ಕ್ರೂ ಒಂದು ಅರ್ಧ ಹೊರಗೆ ಬಂದಿತ್ತು. ಎರಡು ದಿನವೂ ಅದನ್ನೇ ನೋಡುತ್ತ ಕುಳಿತೆ, ಮುಟ್ಟಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಕೂಸಿನ ಹಣೆ ಬೆವರಿತು. ನರ್ಸಮ್ಮ ಎರಡು ಸಲ ನೋಡಿ, "ಇಳೀತಾ ಇದೆ" ಎಂದರು. ಸಂಜೆಗೆ ಅದು ಹಾಲಿನಲ್ಲಿ ನೆನೆಸಿದ ಬನ್ನು ತಿಂದು, ಉಳಿದದ್ದನ್ನು ಭಾವನ ಅಂಗಿಗೆ ಒರೆಸಿತು. ಅಕ್ಕ ಬಾಗಿಲ ಕಡೆ ತಿರುಗಿ, "ಅಲ್ಲೇ ಕೂತ್ಕಂಡು ಏನ್ ನೋಡ್ತೀಯ? ಫ್ಲಾಸ್ಕ್ ತಕಂಡೋಗಿ ಒಸಿ ಬಿಸ್ನೀರು ತತ್ತಾ" ಎಂದಳು. ಓಡಿದೆ. ಹೋಟೆಲಿನವನು ತುಂಬಿಸಿ ಕೊಟ್ಟಾಗ ಫ್ಲಾಸ್ಕಿನ ಮುಚ್ಚಳವನ್ನು ಎಷ್ಟು ತಿರುವಬೇಕೋ ತಿಳಿಯದೆ, ದಾರಿಯಲ್ಲಿ ಅರ್ಧ ನೀರು ಚೆಲ್ಲಿ ಕೈ ಸುಟ್ಟುಕೊಂಡೆ.

ಊರಿಗೆ ಬಂದ ಮೇಲೆ ಒಬ್ಬನೇ ಆಚಾರಿಯ ಅಂಗಡಿಗೆ ಹೋಗಿ ನಡೆದದ್ದೆಲ್ಲ ಹೇಳಿದೆ. ಅವರು ಊದುಗೊಳವೆ ಕೆಳಗಿಟ್ಟು, ಮೊದಲು ಕೂಸು ಹೇಗಿದೆ ಎಂದು ಕೇಳಿದರು. ಆಮೇಲೆ, "ಅವತ್ತೇ ನಿಮ್ ಮಖ ನೋಡ್ದಾಗ ಏನೋ ಐತೆ ಅನ್ನುಸ್ತು. ಆದ್ರೆ ನೀವೊಬ್ರೇ ಬಂದು ಒಳ್ಗೆ ಕೂತ್ಕಂಡು ಹೇಳುದ್ರೆ ಆಗಾಕಿಲ್ಲ ಕಣಪ್ಪ. ನಿಮ್ ಭಾವ ಬೈದದ್ದು ಬಜಾರಲ್ಲಿ. ಬಜಾರಲ್ಲೇ ಹೇಳ್ಲಿ" ಎಂದರು. ಹೇಳಿಕಳಿಸಿದೆ. ಭಾವ ಬಂದ. ಅದೇ ಜಾಗದಲ್ಲಿ ನಿಂತು, ಅಕ್ಕಪಕ್ಕದ ಅಂಗಡಿಯವರಿಗೆ ಕೇಳುವಂತೆ, "ತಪ್ಪು ನಮ್ಮೋರ್ದು, ಆಚಾರ್ರ ಕೈದಲ್ಲ" ಎಂದ. ನಾನು ಪಕ್ಕದಲ್ಲೇ ನಿಂತಿದ್ದೆ. ಈ ಸಲ ಅರ್ಧ ಮಾತಿನ ಹಿಂದೆ ಅಡಗಲಿಲ್ಲ.

ಕೂಸಿನ ಎರಡೂ ತೂತು ಮುಚ್ಚಿಕೊಂಡವು. ಬಲಗಿವಿಯ ಹಿಂದೆ ಅಕ್ಕಿಕಾಳಿನಷ್ಟು ಗಂಟು ಉಳಿಯಿತು. ಭಾವನ ತಂಗಿಯ ಮದುವೆಯಲ್ಲಿ ಅದು ಬರಿಗಿವಿಯಲ್ಲೇ ಓಡಾಡಿತು. ಕೇಳಿದವರಿಗೆಲ್ಲ ಅಕ್ಕ ಕಾರಣ ಹೇಳಿದಳು, ನನ್ನನ್ನು ತೋರಿಸಿಯೇ ಹೇಳಿದಳು.

ಕೂಸಿಗೆ ಎರಡು ವರ್ಷ ತುಂಬಿದ ಮೇಲೆ ಮತ್ತೆ ಚುಚ್ಚಿಸುವ ಮಾತು ಬಂತು. ಬೇರೆ ಯಾರಾದರೂ ತೊಡೆ ಕೊಡಲಿ ಎಂದೆ. "ಇರೋನು ಒಬ್ನೇ ಮಾವ, ಬೇರೆ ಎಲ್ಲಿಂದ ತರನ?" ಎಂದಳು ಅಜ್ಜಿ. ಮಣೆಯ ಮೇಲೆ ಕೂರುವ ಮೊದಲು ಎಲ್ಲರ ಮುಂದೆ ನನ್ನ ಅಂಗಿಯ ಜೇಬು, ಚೀಲ ಎರಡನ್ನೂ ತಡಕಿದಳು. ಪ್ಲೇಯರನ್ನು ಆಗಲೇ ತನ್ನ ಎಲೆಅಡಿಕೆ ಸಂಚಿಯಲ್ಲಿ ಸೇರಿಸಿದ್ದಳು.

ಆಚಾರಿ ಹಳೆಯ ಗಂಟನ್ನು ಬಿಟ್ಟು ಒಂದು ಎಳೆ ಮೇಲಕ್ಕೆ ಚುಕ್ಕೆ ಇಟ್ಟು, ತಂತಿ ಚುಚ್ಚಿ ಸುತ್ತಿದರು. ಓಲೆಯ ಮಾತನ್ನು ಈ ಸಲ ಯಾರೂ ಎತ್ತಲಿಲ್ಲ. ಕೂಸು ಅತ್ತು ಬಿಕ್ಕುತ್ತಿರುವಾಗ ಆಚಾರಿ ನನ್ನ ಬೆರಳು ಹಿಡಿದು ಆ ತಂತಿಯ ಮೇಲಿಟ್ಟರು. "ಇವ್ರು ಇಲ್ಲಿರೋಗಂಟ ದಿನಾ ಬೆಳಿಗ್ಗೆ ನೀವೇ ಕೈ ತೊಳ್ಕಂಡು ಆಡುಸ್ಬೇಕು. ಬಿಸ್ನೀರು ಹಚ್ಚಿ, ಹಿಂದೆ ಮುಂದೆ. ಎಲ್ಲಿ, ಒಂದ್ಸಲ ಮಾಡಿ ನೋಡನ."

ಮೆಲ್ಲಗೆ ತಳ್ಳಿದೆ. ತಂತಿ ಸಡಿಲವಾಗಿ ಆಡಿತು. ಕೂಸು ಬಿಕ್ಕುವುದನ್ನು ನಿಲ್ಲಿಸಿ, ತಿರುಗಿ, ನನ್ನ ಬೆರಳನ್ನೇ ಅನುಮಾನದಿಂದ ನೋಡುತ್ತಿತ್ತು.